ಕರ್ಪೂರ ಆರುವ ಮುಂಚೆ

ಗಂಗುಲಪ್ಪನ ಹುಳುಮನೆಗೆ ಒಂದು ಕಟ್ಟುಪಾಡಿತ್ತು. ಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ. ಹೋದವರು ಬೆನ್ನ ಹಿಂದೆಯೇ ನೈಲಾನ್ ಪರದೆ ಇಳಿಬಿಡಬೇಕು. ಊರದೇವತೆ ಬಂದರೂ ಅಷ್ಟೇ ಎನ್ನುತ್ತಿದ್ದ ಅವನು. ಊಜಿ ನೊಣ ಒಳಗೆ ನುಗ್ಗಿದರೆ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಇಟ್ಟ ಕಡೆ ಕರಿ ಚುಕ್ಕೆ ಬೀಳುತ್ತದೆ. ಚುಕ್ಕೆ ಬಿದ್ದ ಹುಳುವಿನಿಂದ ಒಳ್ಳೆ ಗೂಡಿನ ಆಸೆ ಬಿಡಬೇಕು. ರಾಯಲ್ಪಾಡಿನ ಸುತ್ತ ಹಿಪ್ಪುನೇರಳೆ ಬೆಳೆಯುವ ಮನೆಗಳಲ್ಲಿ ಇದು ತೊಟ್ಟಿಲ ಮಗುವಿಗೂ ಗೊತ್ತಿರುವ ಮಾತು. ಗಂಗುಲಪ್ಪನ ಮಗಳು ಮೌನಿಕಾಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಮೌನಿಕಾ ಕೋಲಾರದ ಕಾಲೇಜೊಂದರಲ್ಲಿ ಬಿಎಸ್ಸಿ ಓದುತ್ತಿದ್ದಳು. ಬೆಂಗಳೂರಿನಲ್ಲಿ ನಡೆಯುವ ವಿದ್ಯಾರ್ಥಿಗಳ ವಿಧಿವಿಜ್ಞಾನ ಸ್ಪರ್ಧೆಗೆ ಅವಳೂ ಅವಳ ಸಹಪಾಠಿ, ಮಾಲೂರಿನ ರಮ್ಯಳೂ ಆಯ್ಕೆಯಾಗಿದ್ದರು. ಸ್ಪರ್ಧೆಯಲ್ಲಿ ಕಳ್ಳತನವಾದಂತೆ ಸಜ್ಜು ಮಾಡಿದ ಕೋಣೆಯೊಂದನ್ನು ತೋರಿಸುತ್ತಾರೆ. ಅಲ್ಲಿನ ಬೆರಳಚ್ಚು, ಹೆಜ್ಜೆಗುರುತು, ಕೂದಲು ಎಲ್ಲ ನೋಡಿ ಯಾರ ಕೆಲಸವೆಂದು ಹೇಳಬೇಕು. ಇಬ್ಬರನ್ನೂ ತಯಾರು ಮಾಡುತ್ತಿದ್ದ ಸುನಂದ ಮೇಡಂ ಮೊದಲ ದಿನವೇ ಹೇಳಿದ್ದರು: "ಗುರುತು ಸಿಗದಿದ್ರೆ ಸಿಗಲಿಲ್ಲ ಅನ್ನಿ, ತಪ್ಪಿಲ್ಲ. ಸಿಕ್ಕಿದ್ದನ್ನ ಕೆಡಿಸಿದವರು ಮಾತ್ರ ನನ್ನ ಕ್ಲಾಸಿಗೆ ಬರಬೇಡಿ."

ರಜೆಗೆ ಮನೆಗೆ ಬಂದವಳು ಲೋಟ, ಚೊಂಬು, ಕಿಟಕಿ ಗಾಜು ಒಂದನ್ನೂ ಬಿಡಲಿಲ್ಲ. ಕಂಡದ್ದಕ್ಕೆಲ್ಲ ಕಪ್ಪು ಪುಡಿ ಉದುರಿಸಿ ಕುಂಚ ಆಡಿಸಿದಳು. ಹುಳುಮನೆಗೆ ಸೊಪ್ಪು ಹೊರುವ ಮುತ್ಯಾಲಮ್ಮನ ಬೆರಳಿಗೂ ಮಸಿ ಹಚ್ಚಿದಳು.

"ಏಮ್ಮಾ ಪೊಲೀಸಮ್ಮಾ, ನನ್ನ ಹೆಬ್ಬೆಟ್ಟು ತಗೊಂಡು ಯಾವ ಆಸ್ತಿ ಬರೆಸ್ಕೋತೀಯ? ಇರೋದು ಒಂದು ಮೇಕೆ. ಅದೂ ಹಾಲು ಕೊಡಲ್ಲ," ಎಂದು ಮುತ್ಯಾಲಮ್ಮ ನಗುತ್ತಲೇ ಕೈ ಚಾಚಿದ್ದಳು.

ಕಾಗದದ ಮೇಲೆ ಬರೀ ಕರಿ ಮಚ್ಚೆ ಮೂಡಿತು. ಸೊಪ್ಪು ಕಿತ್ತೂ ಕಿತ್ತೂ ಗೆರೆಗಳೆಲ್ಲ ಸವೆದಿದ್ದವು.

"ರೇಷನ್ ಅಂಗಡಿ ಮಿಷನ್ನೂ ನನ್ನ ಒಪ್ಪಲ್ಲ ಕಣೇ. ನಾನು ಕದ್ದರೆ ನೀನು ಹಿಡಿಯೋಕಾಗಲ್ಲ ಬಿಡು!"

"ನೀನು ಕದಿಯಲ್ಲ ಅತ್ತೆ," ಎಂದಿದ್ದಳು ಮೌನಿಕಾ.

ಆಮೇಲಿನ ದಿನಗಳಲ್ಲಿ ಅವಳನ್ನು ಚುಚ್ಚಿದ್ದು ಈ ಮಾತೇ.

ಹುಳುಮನೆಯ ಗೋಡೆಯಲ್ಲಿ ಶಾಖ ನೋಡುವ ಥರ್ಮಾಮೀಟರ್ ತೂಗುತ್ತಿತ್ತು. ಮನೆಮಂದಿಯೆಲ್ಲ ದಿನವೂ ಮುಟ್ಟುವ ಗಾಜು. ಒಂದರ ಮೇಲೊಂದು ಬಿದ್ದ ಬೆರಳಚ್ಚು ಬಿಡಿಸುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯದು ಇನ್ನೇನಿದೆ? ಅಂದು ಅಪ್ಪ ಅಮ್ಮ ಶ್ರೀನಿವಾಸಪುರಕ್ಕೆ ಹೋಗಿದ್ದರು. ಮಧ್ಯಾಹ್ನದ ಸೊಪ್ಪು ಹಾಕಿ ಮುತ್ಯಾಲಮ್ಮನೂ ಮನೆಗೆ ಹೋದ ಮೇಲೆ ಮೌನಿಕಾ ಕಾಲು ತೊಳೆದು ಒಳಗೆ ಹೋದಳು. ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಹಸಿದ ಹುಳುಗಳು ಮಳೆ ಬಿದ್ದ ಹಾಗೆ ಸರಸರ ಸದ್ದು ಮಾಡುತ್ತ ಸೊಪ್ಪು ಮೇಯುತ್ತಿದ್ದವು. ಒಳಗೆ ಮಬ್ಬುಗತ್ತಲು. ಗಾಜಿನ ಮೇಲಿನ ಗೆರೆ ಮೊಬೈಲಿನ ಫೋಟೋಕ್ಕೆ ಸಿಗಲಿಲ್ಲ. ಒಂದು ಗಳಿಗೆ ತಾನೇ ಎಂದುಕೊಂಡು ಪರದೆಯ ತುದಿಯ ತಗಡಿನ ಪಟ್ಟಿಯನ್ನು ಹಿಡಿದೆತ್ತಿ ಮೇಲಿನ ಮೊಳೆಗೆ ಸಿಗಿಸಿದಳು. ಬೆಳಕು ಬಂತು, ಫೋಟೋನೂ ಚೆನ್ನಾಗಿ ಬಂತು. ಸಂಭ್ರಮದಲ್ಲಿ ರಮ್ಯಳಿಗೆ ಫೋನ್ ಹಚ್ಚಿ, ಮಾತಾಡುತ್ತ ಆಡುತ್ತ ಮಹಡಿ ಹತ್ತಿಬಿಟ್ಟಳು.

ಸಂಜೆ ಗಂಗುಲಪ್ಪ ಬಂದು ನೋಡಿದಾಗ ಪರದೆ ಇನ್ನೂ ಮೊಳೆಯಲ್ಲೇ ಇತ್ತು. ಹುಳು ಸಾಕುವ ತಟ್ಟೆಗಳ ಮೇಲೆ ಊಜಿ ನೊಣಗಳು ಗುಂಯ್‌ಗುಡುತ್ತಿದ್ದವು.

"ಯಾರ್ಲಾ ಇದನ್ನ ಎತ್ತಿ ಸಿಗಿಸಿದ್ದು?" ಎಂಬ ಕೂಗು ಮಹಡಿಗೂ ಕೇಳಿಸಿತು. 'ನಾನಪ್ಪಾ' ಎನ್ನುವುದಕ್ಕೇ ಮೌನಿಕಾ ಮೆಟ್ಟಿಲಿಳಿದು ಬಂದಳು. ಅಷ್ಟರಲ್ಲಿ ಅಮ್ಮ ಶಾಮಲಮ್ಮ ಹೇಳಿಯಾಗಿತ್ತು: "ಇನ್ಯಾರು? ಮುತ್ಯಾಲಿ. ತಲೆ ಮೇಲೆ ಸೊಪ್ಪಿನ ಹೊರೆ ಇದ್ದರೆ ಅವಳಿಗೆ ಪರದೆ ಇಳಿಸೋಕೆ ಕೈ ಎಲ್ಲಿರತ್ತೆ?"

ಮೌನಿಕಾ ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಅಪ್ಪ ಅವಳತ್ತ ತಿರುಗಿದ.

"ನೀನು ಅದನ್ನೇ ಅಲ್ವೇನಮ್ಮ ಓದ್ತಿರೋದು? ಪುಡಿ ಹಾಕಿ ನೋಡು. ಸುಮ್ಮಸುಮ್ಮನೆ ಒಬ್ಬರ ಮೇಲೆ ಹೇಳಬಾರದು."

ಮರುದಿನ ಬೆಳಿಗ್ಗೆ ಅಪ್ಪ ನೊಣ ಹಿಡಿಯುತ್ತಿದ್ದಾಗ ಅವಳು ತಗಡಿನ ಪಟ್ಟಿಗೆ ಪುಡಿ ಉದುರಿಸಿದಳು. ಕುಂಚ ಆಡಿಸಿದ ಕೂಡಲೇ ಒಂದು ಹೆಬ್ಬೆಟ್ಟು ಎದ್ದು ಬಂತು. ನಡುವೆ ಅಡ್ಡಕ್ಕೆ ಒಂದು ಬಿಳಿ ಗೀರು. ತಾನು ಸಣ್ಣವಳಿದ್ದಾಗ ಈಳಿಗೆಮಣೆ ತಗುಲಿದ ಗಾಯದ ಗುರುತು ಅದು. ಇಷ್ಟು ಸ್ವಚ್ಛವಾದ ಬೆರಳಚ್ಚನ್ನು ಅವಳು ಲ್ಯಾಬಿನಲ್ಲೂ ಎತ್ತಿರಲಿಲ್ಲ.

"ಏನಾದರೂ ಬಂತೇನಮ್ಮ?"

ಮೌನಿಕಾ ವೇಲಿನ ತುದಿಯಿಂದ ತಗಡನ್ನು ಒರೆಸಿದಳು.

"ಇಲ್ಲಪ್ಪಾ. ಎಲ್ಲ ಕಲಸಿಹೋಗಿದೆ."

ಸುನಂದ ಮೇಡಂ ಹೇಳಿದ್ದು ಕಿವಿಯಲ್ಲೇ ಇತ್ತು. ಆದರೂ ಕೈ ತನ್ನ ಕೆಲಸ ಮುಗಿಸಿಬಿಟ್ಟಿತ್ತು. ವೇಲನ್ನು ಎಷ್ಟು ಸಲ ಒಗೆದರೂ ಆ ಕರಿ ಪೂರ್ತಿ ಹೋಗಲಿಲ್ಲ.

ಹುಳುಗಳ ಮೇಲೆ ಕರಿ ಚುಕ್ಕೆ ಕಾಣಿಸಿಕೊಂಡ ದಿನ ಶಾಮಲಮ್ಮನ ನಾಲಿಗೆಗೆ ಲಂಗುಲಗಾಮು ಉಳಿಯಲಿಲ್ಲ. "ಅನ್ನ ಹಾಕಿದ ಮನೆಗೆ ಕನ್ನ ಹಾಕಿದೆಯಲ್ಲೇ! ನಿನ್ನನ್ನ ಯಾವ ಹುಳುಮನೆಗೂ ಸೇರಿಸದ ಹಾಗೆ ಊರಿಗೆಲ್ಲ ಹೇಳ್ತೀನಿ," ಎಂದಳು.

ಮುತ್ಯಾಲಮ್ಮ ಸೊಪ್ಪಿನ ಹೊರೆಯನ್ನು ಅಂಗಳದಲ್ಲೇ ಇಳಿಸಿದಳು. "ಪರದೆ ಇಳಿಬಿಟ್ಟೇ ಹೋದೆ ಶಾಮಲಕ್ಕಾ. ನನ್ನ ಮಾತು ಬೇಡ ಅಂದ್ರೆ ನಡಿ, ಗಂಗಮ್ಮನ ಗುಡಿ ಮುಂದೆ ಕರ್ಪೂರ ಆರಿಸ್ತೀನಿ."

ಉರಿಯುವ ಕರ್ಪೂರವನ್ನು ಬರಿಗೈಯಲ್ಲಿ ಆರಿಸಿ ಆಣೆ ಮಾಡಿದರೆ ಆ ಊರಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಸುಳ್ಳಾಡಿ ಆರಿಸಿದವರ ಮನೆ ದೀಪವೇ ಆರುತ್ತದೆ ಎನ್ನುತ್ತಾರೆ.

ಗುಡಿಯವರೆಗೂ ಮೌನಿಕಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅತ್ತೆ ನಿಜ ಹೇಳುತ್ತಿದ್ದಾಳೆ, ಆರಿಸಿದರೆ ಅವಳಿಗೇನೂ ಆಗುವುದಿಲ್ಲ. ಅಮ್ಮನೂ ಒಪ್ಪಿಕೊಳ್ಳುತ್ತಾಳೆ. ಯಾರದೆಂದು ಗೊತ್ತಾಗದೆ ವಿಷಯ ಇಲ್ಲಿಗೇ ಮುಗಿಯುತ್ತದೆ. ತಾನು ಬಾಯಿ ಬಿಡಬೇಕಾದ್ದೇ ಇಲ್ಲ.

ಶಾಮಲಮ್ಮ ಮನೆಯಿಂದ ತಂದ ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರ ಉರಿಯಿತು. ಮುತ್ಯಾಲಮ್ಮ ಸೆರಗು ಸಿಕ್ಕಿಸಿಕೊಂಡು ಬಲಗೈ ಎತ್ತಿದಳು.

"ಅಮ್ಮಾ ಗಂಗಮ್ಮ ತಲ್ಲೀ, ಆ ಪರದೆ ನಾನು ಎತ್ತಿಟ್ಟಿದ್ದರೆ ನನ್ನ ಮಗಳ ಹೊಟ್ಟೆಯಲ್ಲಿರೋ ಕೂಸು ನನಗೆ ದಕ್ಕದೆ ಹೋಗಲಿ!"

ಕೂಸಿನ ಮೇಲೆ ಆಣೆ ಇಡುತ್ತಾಳೆಂದು ಮೌನಿಕಾ ಎಣಿಸಿರಲಿಲ್ಲ. ತುಟಿ ತೆರೆಯಿತು, ಅಷ್ಟೇ. ಅಷ್ಟರಲ್ಲಿ ಮುತ್ಯಾಲಮ್ಮನ ಅಂಗೈ ಉರಿಯ ಮೇಲೆ ಅಮರಿ ಬಿತ್ತು. ಚುರ್ ಎಂದಿತು. ಹೊಗೆ ಎದ್ದಿತು.

"ಕೈ ನಡುಗ್ತು," ಎಂದಳು ಶಾಮಲಮ್ಮ. "ನಾನು ಕಣ್ಣಾರೆ ನೋಡ್ದೆ. ನಿಜ ಆಗಿದ್ರೆ ಯಾಕೆ ನಡುಗಬೇಕು?"

ಮುತ್ಯಾಲಮ್ಮನ ಬಳಿ ಕೊಡಲು ಇನ್ನು ಯಾವ ಸಾಕ್ಷಿಯೂ ಉಳಿದಿರಲಿಲ್ಲ.

"ನಾನಮ್ಮಾ," ಎಂದಳು ಮೌನಿಕಾ. ಸ್ವರ ಅವಳಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದಳು. "ಪರದೆ ಸಿಗಿಸಿದ್ದು ನಾನು. ಫೋಟೋ ತೆಗೆಯೋಕೆ. ತಗಡಿನ ಮೇಲೆ ನನ್ನ ಹೆಬ್ಬೆಟ್ಟೇ ಬಂದಿತ್ತು ಅಪ್ಪಾ. ಒರೆಸಿಬಿಟ್ಟೆ."

ಗಂಗುಲಪ್ಪ ಗುಡಿಯ ಕಟ್ಟೆಯ ಮೇಲೆ ಕುಸಿದು ಕೂತ. ಮುತ್ಯಾಲಮ್ಮ ಮಾತ್ರ ಮೌನಿಕಾಳನ್ನೇ ನೋಡುತ್ತ ನಿಂತಳು. ಅವಳ ನೋಟದಲ್ಲಿ ಕೋಪವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ಇಷ್ಟು ದೂರ ನನ್ನ ಪಕ್ಕದಲ್ಲೇ ನಡ್ಕೊಂಡು ಬಂದ್ಯಲ್ಲ ಕಣೇ. ಕರ್ಪೂರ ಆರೋ ಮುಂಚೆ ಹೇಳೋಕೆ ಆಗಲಿಲ್ವಾ?"

ಸುಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಹಿಂದೆಯೇ ಓಡಿದ ಶಾಮಲಮ್ಮ, "ಮುತ್ಯಾಲೂ, ನಿಲ್ಲೇ, ಎಣ್ಣೆಯಾದರೂ ಹಚ್ತೀನಿ" ಎಂದು ಕರೆದಳು. ಮುತ್ಯಾಲಮ್ಮ ತಿರುಗಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಬೈಯಲಿಲ್ಲ. ಚುಕ್ಕೆ ಬಿದ್ದ ಹುಳುಗಳನ್ನು ಆರಿಸಲು ಒಬ್ಬನೇ ಒಳಗೆ ಹೋಗಿ ಪರದೆ ಇಳಿಬಿಟ್ಟುಕೊಂಡ. ಅಮ್ಮ ಕರ್ಪೂರದ ತಟ್ಟೆಯನ್ನು ಬಚ್ಚಲ ಕಲ್ಲಿನ ಮೇಲಿಟ್ಟು, "ತೊಳೆದಿಡು," ಎಂದಳು, ಅಷ್ಟೇ.

ಫೋನ್ ಬಡಿದುಕೊಂಡಿತು. ತಯಾರಿಗೆಂದು ರಜೆ ಮುಗಿಯುವ ಮುಂಚೆಯೇ ಕಾಲೇಜಿಗೆ ಮರಳಿದ್ದ ರಮ್ಯ.

"ಲೇ ಮೌನಿ, ಥರ್ಮಾಮೀಟರ್ ಫೋಟೋ ನೋಡಿ ಮೇಡಂ ಫುಲ್ ಖುಷಿ ಕಣೇ! ಸ್ಪರ್ಧೆಲಿ ಬೆರಳಚ್ಚು ಎತ್ತೋ ಕೆಲಸ ನಿನಗೇ ಅಂತೆ."

"ಮೇಡಂಗೆ ಫೋನ್ ಕೊಡ್ತೀಯಾ? ನಾನು ಒಂದು ಗುರುತು ಕೆಡಿಸಿದೀನಿ. ಅವರಿಗೆ ಹೇಳಬೇಕು."

"ಅಯ್ಯೋ, ಪ್ರಾಕ್ಟೀಸಲ್ಲಿ ಯಾರು ಕೆಡಿಸಲ್ಲ ಬಿಡೇ."

"ಪ್ರಾಕ್ಟೀಸ್ ಅಲ್ಲ. ಕೊಡು."

ಮೇಡಂ ಸ್ಟಾಫ್ ರೂಮಿನಲ್ಲಿದ್ದಾರೆ, ಹೋಗಿ ಕೊಡುತ್ತೇನೆ ಎಂದು ರಮ್ಯ ನಡೆಯತೊಡಗಿದಳು. ಅವಳ ಚಪ್ಪಲಿಯ ಸದ್ದು ಕೇಳುತ್ತ ಮೌನಿಕಾ ಹುಣಸೆಹಣ್ಣು ಹಿಡಿದು ಕಲ್ಲಿನ ಮುಂದೆ ಕೂತಳು. ತಟ್ಟೆಯ ಮೇಲಿನ ಕರ್ಪೂರದ ಮಸಿಯಲ್ಲಿ ಮುತ್ಯಾಲಮ್ಮನ ಅಂಗೈ ಮೂಡಿತ್ತು. ಅವಳ ಬೆರಳು ಕಾಗದದ ಮೇಲೆ ಬರೀ ಮಚ್ಚೆ ಬಿಟ್ಟಿತ್ತು; ಇಲ್ಲಿ ಅಂಗೈಯ ಗೆರೆಗಳು ಒಂದೊಂದಾಗಿ ಕಾಣುತ್ತಿದ್ದವು. ತಗಡಿನ ಮೇಲಿನ ತನ್ನ ಹೆಬ್ಬೆಟ್ಟನ್ನು ಒರೆಸಲು ಮೌನಿಕಾಗೆ ಒಂದು ಗಳಿಗೆಯೂ ಬೇಕಾಗಿರಲಿಲ್ಲ. ಇದಕ್ಕೆ ಕೈ ಏಳಲಿಲ್ಲ.

"ಹಲೋ, ಮೌನಿಕಾ?" ಎಂದರು ಸುನಂದ ಮೇಡಂ. "ಏನಮ್ಮ, ಹೇಳು."