ಹೊಳೆ ಇಳಿದ ಮಧ್ಯಾಹ್ನ

ಬೇಸಿಗೆಯ ಭೂಕಂಪದಲ್ಲಿ ಊರಿಗೆ ಹೆಚ್ಚೇನೂ ಆಗಿರಲಿಲ್ಲ. ಪೆಟ್ಟು ಬಿದ್ದದ್ದು ಗುಡ್ಡಗಳಿಗೆ. ಅಲ್ಲಿ ನೆಲ ಉದ್ದುದ್ದ ಬಿರುಕು ಬಿಟ್ಟಿತ್ತು. ಮಳೆ ಶುರುವಾದ ಮೇಲೆ ಹೊಳೆಯಲ್ಲಿ ಬರೀ ಕೆಸರು. ಅವಳು ಊರಿನ ನೀರು ಶುದ್ಧಿ ಮಾಡುವ ಘಟಕದಲ್ಲಿ ಕೆಲಸಕ್ಕಿದ್ದಳು. ಫಿಲ್ಟರ್ ತೊಟ್ಟಿಗಳನ್ನು ತೊಳೆದಷ್ಟೂ ಮತ್ತೆ ಕಟ್ಟಿಕೊಳ್ಳುತ್ತಿದ್ದವು.

"ಗುಡ್ಡಾನೇ ಕರಗಿ ಬರ್ತಿದೆ ಭಾವ," ಎಂದಿದ್ದಳು.

"ಗುಡ್ಡ ಏನು ಉಪ್ಪಿನ ಹರಳಾ, ಕರಗೋಕೆ?" ಎಂದು ಅಕ್ಕನ ಗಂಡ ನಕ್ಕಿದ್ದ. ಸೇತುವೆಯ ಪಕ್ಕ ಅವನದು ಗ್ಯಾರೇಜು. ಅದರ ಹಿಂದೆಯೇ ಮನೆ.

ಆಮೇಲೆ ಬಿರುಗಾಳಿ ಮಳೆ ಹಿಡಿದುಕೊಂಡಿತು. ಒಂದು ಮಧ್ಯಾಹ್ನ ಪಂಪು ಗೊರಗೊರ ಸದ್ದು ಮಾಡಿ ಬರೀ ಗಾಳಿ ಎಳೆಯತೊಡಗಿತು. ಅವಳು ಕಿಟಕಿಯಿಂದ ನೋಡಿದಳು. ಮಳೆ ಸುರಿಯುತ್ತಲೇ ಇತ್ತು. ಹೊಳೆ ಮಾತ್ರ ಇಳಿದು, ತಳದ ಕಲ್ಲುಗಳು ಕಾಣುತ್ತಿದ್ದವು. ಇಂಜಿನಿಯರಿಗೆ ಫೋನು ಮಾಡಿದಳು.

"ಮೇಲೆಲ್ಲೋ ಗುಡ್ಡ ಕುಸಿದು ಹೊಳೆಗೆ ಕಟ್ಟೆ ಕಟ್ಟಿದ ಹಾಗೆ ಅಡ್ಡ ಬಿದ್ದಿದೆ," ಎಂದರು ಅವರು. "ಅದು ಒಡೆಯೋ ಮುಂಚೆ ಜನ ಮೇಲಿನ ಬೀದಿ ಸೇರಬೇಕು. ಸೈರನ್ ಹಾಕಮ್ಮ."

ಸೈರನ್ ಹಾಕಿ ಗ್ಯಾರೇಜಿನ ಕಡೆ ಓಡಿದಳು. ಸೈರನ್ನಿಗೆ ಕಿವಿಗೊಡದೆ ಅರ್ಧ ಬೀದಿಯ ಜನ ಹೊಳೆಗೆ ಇಳಿದಿದ್ದರು. ಕೆಸರಿನಲ್ಲಿ ಮೀನುಗಳು ಒದ್ದಾಡುತ್ತಿದ್ದವು. ಜನ ಬಾಚಿ ಬಾಚಿ ಬಕೆಟ್ಟಿಗೆ ತುಂಬುತ್ತಿದ್ದರು. ಭಾವನೂ ಪ್ಯಾಂಟು ಮಡಚಿಕೊಂಡು ಅವರ ನಡುವೆ ನಿಂತಿದ್ದ.

"ಬಾ ಬಾ, ಬಲೆಯೇ ಬೇಡ ಇವತ್ತು."

"ಭಾವ, ಮಳೆ ನಿಂತಿಲ್ಲ. ಇಷ್ಟು ನೀರು ಎಲ್ಲಿಗೆ ಹೋಯ್ತು ಹೇಳಿ."

ಅವನ ಕೈ ಅಲ್ಲೇ ನಿಂತಿತು. ಮುಖದ ನಗು ಆರಿತು. ತಿರುಗಿ ಎಲ್ಲರನ್ನೂ ಬೈಯುತ್ತಾ ದಡಕ್ಕೆ ಅಟ್ಟತೊಡಗಿದ. ಅವನ ತಾಯಿಗೆ ನಡೆಯಲಾಗುತ್ತಿರಲಿಲ್ಲ. ಅವಳೂ ಮನೆಯಲ್ಲಿದ್ದ ಅಕ್ಕನೂ ಸೇರಿ ಟೈರು ಸಾಗಿಸುವ ತಳ್ಳುಗಾಡಿಯಲ್ಲಿ ಮುದುಕಿಯನ್ನು ಕೂರಿಸಿ ಏರಿನತ್ತ ತಳ್ಳಿದರು.

"ನಾನೇನು ಟೈರಾ?" ಎಂದು ಗೊಣಗುತ್ತಲೇ ಮುದುಕಿ ಗಾಡಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ಮೇಲಿನ ಬೀದಿ ಮುಟ್ಟುವಷ್ಟರಲ್ಲಿ ಹಸಿ ಮಣ್ಣಿನ ವಾಸನೆ ಬಂತು. ಹಿಂದೆಯೇ ಕಲ್ಲಿಗೆ ಕಲ್ಲು ಅರೆಯುವ ಸದ್ದು. ತಿರುವಿನಲ್ಲಿ ಕಾಣಿಸಿದ್ದು ನೀರಲ್ಲ, ಬುಡಸಹಿತ ಮರಗಳನ್ನು ಹೊತ್ತು ಬರುತ್ತಿದ್ದ ಕೆಸರಿನ ಗೋಡೆ. ಸೇತುವೆ ಒಮ್ಮೆ ಬಾಗಿ ಮಾಯವಾಯಿತು. ಎಲ್ಲರಿಗಿಂತ ಕೊನೆಗೆ ಹತ್ತಿದವನು ಭಾವ. ಬಿಟ್ಟುಬಂದ ಬಕೆಟ್ಟಿಗಾಗಿ ವಾಪಸು ಇಳಿದಿದ್ದ ಕ್ಷೌರದಂಗಡಿಯವನು ಮತ್ತೆ ಸಿಗಲಿಲ್ಲ.

"ತೋಳು ಹಿಡ್ಕೊಂಡಿದ್ದೆ," ಎಂದ ಭಾವ. "ಕೊಸರಿಕೊಂಡು ಹೋದ."

ಮಳೆ ಬಿಟ್ಟಾಗ ಹೊಳೆಯ ತಳ ಬೀದಿಗಿಂತ ಎತ್ತರಕ್ಕೆ ಬಂದಿತ್ತು. ಗ್ಯಾರೇಜಿದ್ದಲ್ಲಿ ಬರೀ ಮರಳು, ಬಂಡೆ. ಗುಡ್ಡ ನೋಡಿ ಬಂದ ಇಂಜಿನಿಯರನ್ನು ಅಕ್ಕ ಕೇಳಿದಳು, "ಬರೋದೆಲ್ಲ ಬಂದಾಯ್ತಾ ಸಾರ್?"

"ಇಲ್ಲಮ್ಮ. ಸಡಿಲವಾಗಿದ್ದರಲ್ಲಿ ಮುಕ್ಕಾಲು ಪಾಲು ಇನ್ನೂ ಮೇಲೇ ಇದೆ. ಪ್ರತಿ ಮಳೆಗಾಲಕ್ಕೂ ಇಷ್ಟಿಷ್ಟು ಇಳಿಯುತ್ತೆ."

ಮೇಲಿನ ಬೀದಿಯಲ್ಲಿ ಬಾಡಿಗೆಗೆ ಎರಡು ಕೋಣೆ ಸಿಕ್ಕಿತು. ಯಾರೋ ಕೊಟ್ಟ ಪಾತ್ರೆಗಳನ್ನು ಅಕ್ಕ ಚೀಲದಲ್ಲೇ ಇಟ್ಟು, ಚೀಲವನ್ನು ಬಾಗಿಲ ಪಕ್ಕ ಇರಿಸಿದಳು. ಭಾವ ಅದನ್ನು ನೋಡಿ, ತಳ್ಳುಗಾಡಿಯನ್ನು ಬಾಗಿಲ ಹತ್ತಿರಕ್ಕೆ ಎಳೆದು ನಿಲ್ಲಿಸಿದ.