ಒಂದು ಮಣಿಗೆ ಒಂದು ಚಮಚ

ಬೇಸಿಗೆಗೆಂದು ಬೆಟ್ಟದ ಹುಲ್ಲುಗಾವಲಿಗೆ ಬಂದು ವಾರವಾಗಿತ್ತು. ಕುದುರೆ ಹಾಲು ಹುಳಿಯೇರಿ ಹೊಸ ಕುಮಿಸ್ ಸಿದ್ಧವಾಗಿತ್ತು. ಅದನ್ನು ಕುಡಿಯಲು ಶುರುಮಾಡುವ ಆ ದಿನಗಳಲ್ಲಿ ಯಾವ ಗುಡಾರದಲ್ಲೂ ಒಂದಿಬ್ಬರಿಗೆ ಹೊಟ್ಟೆ ಕೆಡದೆ ಇರುವುದಿಲ್ಲ. ಚಳಿಗಾಲದ ಕಸ ಹೋಗುತ್ತಿದೆ ಎಂದು ನಕ್ಕು ಸುಮ್ಮನಾಗುತ್ತಾರೆ. ಆದರೆ ನಾಲ್ಕು ವರ್ಷದ ಸೈರಾಳಿಗೆ ನಿನ್ನೆ ಸಂಜೆಯಿಂದ ಒಂಬತ್ತು ಸಲ ಭೇದಿಯಾಗಿತ್ತು. ಬೆಳಗ್ಗೆ ಅವಳು ಅತ್ತಾಗ ಕಣ್ಣೀರು ಬರಲಿಲ್ಲ. ಅದನ್ನು ಕಂಡು ಅಜ್ಜಿ ಉಲ್ಕಾನ್ ಕೈಯ ಕೆಲಸ ಬಿಟ್ಟು ಮಗುವಿನ ಪಕ್ಕ ಬಂದು ಕೂತಳು.

ನಲವತ್ತೊಂದು ವರ್ಷದ ಹಿಂದೆ, ಇದೇ ಹುಲ್ಲುಗಾವಲಿನಲ್ಲಿ, ಅವಳ ಚೊಚ್ಚಲ ಮಗ ಹೀಗೆಯೇ ಒಣಗಣ್ಣಿನಲ್ಲಿ ಅತ್ತಿದ್ದ. ಕೊಟ್ಟಷ್ಟೂ ಹರಿದುಹೋಗುತ್ತದೆ ಎಂದು ಗಂಡನ ಅಕ್ಕ ಕಲಿಪಾ ನೀರಿನ ಬಟ್ಟಲನ್ನು ಕಸಿದಿಟ್ಟಿದ್ದಳು. ಆಗ ಹೊಸ ಸೊಸೆಯಾಗಿದ್ದ ಉಲ್ಕಾನ್ ಎದುರಾಡಲಿಲ್ಲ. ಮೂರನೆಯ ದಿನ ಮಗುವನ್ನು ಮಣ್ಣಿಗಿಟ್ಟರು. ಕೊಟ್ಟವನೇ ಕರೆದುಕೊಂಡ ಎಂದು ಉಲ್ಕಾನ್ ಐದು ಹೊತ್ತಿನ ನಮಾಜಿನಲ್ಲೂ ತಲೆಬಾಗಿದಳು. ಆದರೆ ಆ ಬಟ್ಟಲನ್ನು ಮರೆಯಲಾಗಲಿಲ್ಲ.

ಈಗ ಸೈರಾಳ ತಾಯಿ, ಉಲ್ಕಾನ್‌ಳ ಸೊಸೆ ಜಿಯ್‌ದೆ ಮಗುವಿಗೆ ಬಟ್ಟಲು ತುಂಬ ನೀರು ಕೊಟ್ಟಳು. ಸೈರಾ ಗಟಗಟ ಕುಡಿದು ಅಷ್ಟನ್ನೂ ಕಾರಿಕೊಂಡಳು.

“ನೋಡಿದ್ಯಾ? ನಿಲ್ಲಲ್ಲ. ನೀರು ನಿಲ್ಸು,” ಎಂದಳು ಕಲಿಪಾ. ಎಂಬತ್ತರ ಹತ್ತಿರವಾದರೂ ದನಿ ಇಳಿದಿರಲಿಲ್ಲ.

“ತಪ್ಪು ನೀರಿನದ್ದಲ್ಲ ಅಕ್ಕ, ಅವಸರದ್ದು,” ಎಂದಳು ಉಲ್ಕಾನ್.

“ನನ್ನೆದುರಿಗೆ ಬಾಯಿ ತೆಗೆಯೋದು ಯಾವಾಗ ಕಲಿತೆ?”

“ನಲವತ್ತೊಂದು ವರ್ಷ ತಡವಾಗಿ ಕಲಿತೆ.”

ಕಲಿಪಾ ಮುಖ ತಿರುಗಿಸಿದಳು. ಉಲ್ಕಾನ್ ಮಗನನ್ನು ಕರೆದಳು. “ಬಕಿತ್, ಆಚೆ ಗುಡ್ಡದಿಂದ ಕುದುರೆ ಹಿಡ್ಕೊಂಡ್ ಬಾ. ಇವಳು ಉಚ್ಚೆ ಹುಯ್ಯಲಿಲ್ಲ ಅಂದ್ರೆ ಕಣಿವೆ ಆಸ್ಪತ್ರೆಗೆ ಹೊರಡಬೇಕು. ನೀನು ಬರೋವರೆಗೂ ನಾನಿದ್ದೀನಿ.”

ಚಹಾದ ನೀರು ಕಾಯಿಸುವ ಸಮೋವರಿನಲ್ಲಿ ಕುದಿದು ಆರಿದ ನೀರು ಒಂದು ಲೀಟರು, ಅದಕ್ಕೆ ಮಟ್ಟಸವಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಣ್ಣೀರಿಗಿಂತ ಉಪ್ಪಾಗಬಾರದು ಎಂದು ಆಸ್ಪತ್ರೆಯ ದಾದಿ ಹಿಂದೊಮ್ಮೆ ಹೇಳಿಕೊಟ್ಟಿದ್ದಳು. ಉಲ್ಕಾನ್ ನಾಲಿಗೆಗೆ ಹಚ್ಚಿ ನೋಡಿದಳು. ಆ ರುಚಿಯನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಆಮೇಲೆ ಜಪಸರ ತೆಗೆದಳು. ತಾಯಿ ಸತ್ತ ಮರಿಗಳಿಗೆ ತೊಟ್ಟು ತೊಟ್ಟಾಗಿ ಹಾಲೂಡಿ ಬದುಕಿಸಿದ ಕೈ ಅದು. ಒಂದು ಚಮಚ ನೀರು. ಒಂದು ಮಣಿ ಹಿಡಿದು ಹತ್ತು ಸಲ ದೇವರ ಹೆಸರು. ಮತ್ತೆ ಒಂದು ಚಮಚ. ಮಗು ಬಟ್ಟಲಿಗೆ ಕೈಚಾಚಿದರೂ ಕೊಡಲಿಲ್ಲ.

ಹತ್ತೊಂಬತ್ತನೆಯ ಮಣಿಗೆ ಸೈರಾ ವಾಂತಿ ಮಾಡಿದಳು. ಕಲಿಪಾ ಹತ್ತಿರ ಸರಿದು ಕೂತಳು. ಉಲ್ಕಾನ್ ಮಗುವಿನ ಬಾಯಿ ಒರೆಸಿ, ಹತ್ತು ನಿಮಿಷ ಕಾದು, ಮೊದಲ ಮಣಿಯಿಂದ ಶುರುಮಾಡಿದಳು. ಈ ಸಲ ಹೆಸರು ಇನ್ನೂ ನಿಧಾನ. ಮೂವತ್ತು ದಾಟಿತು. ನಲವತ್ತಕ್ಕೆ ಮಣಿ ಜರುಗಿಸುವಾಗ ಚಮಚ ವಾಲಿ ನೀರು ಮಗುವಿನ ಕೊರಳಿಗೆ ಚೆಲ್ಲಿತು.

ಪಕ್ಕದಿಂದ ಒಂದು ಸುಕ್ಕುಗಟ್ಟಿದ ಕೈ ಬಂದು ಜಪಸರ ಹಿಡಿಯಿತು. “ಕೊಡಿಲ್ಲಿ. ಎರಡು ಕೆಲಸ ಒಟ್ಟಿಗೆ ಮಾಡೋಕೆ ಹೋಗಿ ಚೆಲ್ತಿದ್ದೀಯ. ಮಣಿ ನಾನು ಎಣಿಸ್ತೀನಿ,” ಎಂದಳು ಕಲಿಪಾ. ಅವಳ ಕಣ್ಣು ಕೆಳಗಿತ್ತು.

ಇಬ್ಬರು ಮುದುಕಿಯರೂ ತೊಂಬತ್ತೊಂಬತ್ತು ಮಣಿ ಮುಗಿಸಿ ಮತ್ತೆ ಆರಂಭಕ್ಕೆ ಬಂದರು. ಒಂದು ಚಮಚವೂ ಹಿಂದೆ ಬರಲಿಲ್ಲ. ಬಿಸಿಲು ಗುಡಾರದ ಮೇಲ್ಗಿಂಡಿಯಿಂದ ನೇರ ಬೀಳುವ ಹೊತ್ತಿಗೆ ಸೈರಾ ಒಮ್ಮೆಲೇ ಬಿಕ್ಕಿದಳು. “ನಂಗೆ ರೊಟ್ಟಿ ಬೇಕು. ಚಡ್ಡಿ ಒದ್ದೆಯಾಯ್ತು.”

ಕೆನ್ನೆಯ ಮೇಲೆ ದಪ್ಪ ದಪ್ಪ ಹನಿ ಇಳಿದವು. ಜಿಯ್‌ದೆ ಕಂಬಳಿ ಮುಟ್ಟಿ ನೋಡಿ, “ಉಚ್ಚೆ!” ಎಂದು ಅಳುತ್ತ ನಕ್ಕಳು. ಉಲ್ಕಾನ್ ಅಲ್ಲಿಯೇ ಹಣೆಯನ್ನು ನೆಲಕ್ಕಿಟ್ಟು ಸ್ವಲ್ಪ ಹೊತ್ತು ಏಳಲಿಲ್ಲ.

ಬಕಿತ್ ಕುದುರೆಯೊಂದಿಗೆ ಓಡೋಡಿ ಬಂದ. “ಹೊರಡೋಣ್ವಾ ಅಮ್ಮಾ?”

“ಬೇಡ. ಆದ್ರೂ ಸಂಜೆವರೆಗೂ ಜೀನು ಬಿಚ್ಬೇಡ,” ಎಂದಳು ಉಲ್ಕಾನ್. ಮತ್ತೆ ಚಮಚ ಕೈಗೆತ್ತಿಕೊಂಡಳು.

ಒದ್ದೆ ಚಡ್ಡಿಯನ್ನು ಹೊರಗೆ ತಂದು ಹಗ್ಗದ ಮೇಲೆ, ಎಲ್ಲರಿಗೂ ಕಾಣುವಂತೆ ಹರವಿದವಳು ಕಲಿಪಾ. ಪಕ್ಕದ ಗುಡಾರದವಳು ಕೂಗಿ ಕೇಳಿದಳು, “ಏನಕ್ಕಾ, ತೊಳೀದೆ ಒಣಗಿಸ್ತಿದ್ದೀರಾ?”

“ನೀನು ನಿನ್ನ ಕೆಲಸ ನೋಡ್ಕೋ. ಇದು ನಮ್ಮನೆ ಬಾವುಟ,” ಎಂದಳು ಕಲಿಪಾ.