ಮಂಚದ ಕೆಳಗಿನ ಗೋಣಿಚೀಲ

ಮುದುಕಿಗೆ ಮಂಡಿ ಕೈಕೊಟ್ಟು ಬಹಳ ದಿನವಾಗಿತ್ತು. ಹಾಸಿಗೆಯಿಂದ ಏಳಬೇಕೆಂದರೆ ಸೊಸೆ ಬಂದು ಕಂಕುಳಿಗೆ ಕೈಕೊಟ್ಟು ಎತ್ತಬೇಕು. ಮಗ ಬಡಗಿ. ಊರವರಿಗೆಲ್ಲ ಬಾಗಿಲು, ಮೇಜು ಮಾಡಿಕೊಡುವವನು ಹೆತ್ತ ತಾಯಿಗೊಂದು ಮಂಚ ಮಾಡಬಾರದೆ? ಅಂತೂ ಮಾಡಿದ. ಗಟ್ಟಿಮರದ ತಗ್ಗು ಮಂಚ, ಪಕ್ಕದಲ್ಲಿ ಹಿಡಿದುಕೊಂಡು ಏಳಲು ಉದ್ದನೆಯ ಹಿಡಿ. ಮುದುಕಿಯ ಕೋಣೆಗೆ ಅಂಟಿಕೊಂಡೇ ಅವನ ಕೆಲಸದ ಕೋಣೆ. ಮಂಚ ತಯಾರಾದದ್ದು ಅಲ್ಲಿಯೇ.

ಸೊಸೆಗೆ ಬೀದಿಯವರು ಇಟ್ಟ ಹೆಸರು ಚೊಕ್ಕಮ್ಮ. ಅವಳ ಮನೆಯಲ್ಲಿ ಚಪ್ಪಲಿಗಳೂ ಸಾಲಾಗಿ ನಿಂತಿರುತ್ತವೆ. ಗಂಡನ ಕೆಲಸದ ಕೋಣೆ ಮಾತ್ರ ಅವಳ ಕೈಗೆ ಸಿಕ್ಕಿರಲಿಲ್ಲ. ಅಲ್ಲಿ ಅವನದೇ ದರ್ಬಾರು.

ಎಣ್ಣೆ ಹಚ್ಚುವ ದಿನ ಅವಳೂ ಜೊತೆಗೆ ಕೂತಳು.

"ಅಡುಗೆಮನೇಲಿ ಎಣ್ಣೆ ಇದೆಯಲ್ಲ ರೀ, ಅದನ್ನೇ ಹಚ್ಚಬಾರದಾ?"

"ಅದು ಒಣಗೋದೇ ಇಲ್ಲ ಕಣೇ. ಜಿಗಿಜಿಗಿ ಅಂತ ಕೂತು ಧೂಳು ಹಿಡಿಯುತ್ತೆ, ಆಮೇಲೆ ಕಮಟು ವಾಸನೆ ಬೇರೆ. ಮರಕ್ಕೆ ಒಣಗಿ ಗಟ್ಟಿಯಾಗೋ ಎಣ್ಣೆ ಬೇಕು. ಇದು ಅಗಸೆ ಎಣ್ಣೆ. ಮೊದಲು ಒಂದು ಚೂರು ಮರಕ್ಕೆ ಹಚ್ಚಿ ಬಣ್ಣ ನೋಡಿದೀನಿ, ಚೆನ್ನಾಗಿ ಬಂತು."

ಅವಳು ಧಾರಾಳವಾಗಿ ಸುರಿಯಲು ಹೋದಳು. ಅವನು ತಡೆದ. "ತೆಳ್ಳಗೆ ಹಚ್ಚು. ಮರ ತನಗೆ ಬೇಕಾದಷ್ಟು ಕುಡಿಯುತ್ತೆ. ಸ್ವಲ್ಪ ಹೊತ್ತು ಬಿಟ್ಟು ಉಳಿದಿದ್ದನ್ನ ಒರೆಸಿಬಿಡಬೇಕು. ಪೂರ್ತಿ ಒಣಗಿದ ಮೇಲೇ ಇನ್ನೊಂದು ಸಲ."

ಹಚ್ಚಿದರು, ಒರೆಸಿದರು. ಮರದ ಗೆರೆಗಳು ಒಂದೊಂದಾಗಿ ಎದ್ದು ಕಂಡವು. ಚೊಕ್ಕಮ್ಮನಿಗೆ ಖುಷಿಯೋ ಖುಷಿ. ಆದರೆ ನೆಲದ ಮೇಲೆ ಎಣ್ಣೆ ಕುಡಿದ ಹಳೇ ಬಟ್ಟೆಗಳ ರಾಶಿ ಬಿದ್ದಿತ್ತು. ಸಂಜೆಗೆ ನಾದಿನಿ ಬರುವವಳಿದ್ದಳು. ನಾದಿನಿಗೆ ಅಗ್ನಿಶಾಮಕ ದಳದಲ್ಲಿ ಕೆಲಸ, ಕಣ್ಣು ಬಲು ಚುರುಕು. ಅವಳ ಎದುರು ಮರ್ಯಾದೆ ಹೋಗಬಾರದೆಂದು ಚೊಕ್ಕಮ್ಮ ಬಟ್ಟೆಗಳನ್ನೆಲ್ಲ ಒಟ್ಟುಮಾಡಿ ಗೋಣಿಚೀಲಕ್ಕೆ ತುರುಕಿದಳು. ಬಾಯಿ ಬಿಗಿದು ಕಟ್ಟಿ ಹೊಸ ಮಂಚದ ಕೆಳಗೆ, ಗೋಡೆಯ ಪಕ್ಕಕ್ಕೆ ತಳ್ಳಿದಳು. ಕೋಣೆ ಕನ್ನಡಿಯಂತಾಯಿತು.

ಮಧ್ಯಾಹ್ನ ಕಳೆದ ಮೇಲೆ ಗೋಡೆಯ ಆಚೆಯಿಂದ ಮುದುಕಿ ಕೂಗಿದಳು. "ಏನೋ ಸುಟ್ಟ ವಾಸನೆ ಬರ್ತಿದೆ, ಒಲೆ ನೋಡಮ್ಮ."

ಚೊಕ್ಕಮ್ಮ ಒಲೆ ನೋಡಿದಳು. ಆರಿತ್ತು. "ಅದು ಹೊಸ ಎಣ್ಣೆ ವಾಸನೆ ಅತ್ತೆ. ಮಲಗಿ."

ಇನ್ನೂ ಸ್ವಲ್ಪ ಹೊತ್ತಿಗೆ ಮುದುಕಿ ಮತ್ತೆ ಕೂಗಿದಳು. ವಯಸ್ಸಾದವರಿಗೆ ಇಲ್ಲದ್ದೆಲ್ಲ ಮೂಗಿಗೆ ಬಡಿಯುತ್ತದೆ ಎಂದುಕೊಂಡು ಚೊಕ್ಕಮ್ಮ ಓಗೊಡಲಿಲ್ಲ.

ನಾದಿನಿ ಬಂದವಳೇ ತಾಯಿಯನ್ನು ಮಾತಾಡಿಸಿದಳು. ತಾಯಿ ಅವಳಿಗೂ ಅದೇ ಹೇಳಿದಳು. ನಾದಿನಿ ಮೂಗು ಅರಳಿಸಿ ನೇರ ಕೆಲಸದ ಕೋಣೆಗೆ ನಡೆದಳು.

"ಮಂಚ ಏನು ಚೆನ್ನಾಗಿದೆ ಅಣ್ಣ. ಯಾವ ಎಣ್ಣೆ?"

"ಅಗಸೆ ಎಣ್ಣೆ."

"ಒರೆಸಿದ ಬಟ್ಟೆಗಳೆಲ್ಲಿ?"

ಚೊಕ್ಕಮ್ಮ ಹೆಮ್ಮೆಯಿಂದ ಮಂಚದ ಕೆಳಗೆ ಬೆರಳು ತೋರಿಸಿದಳು. ನಾದಿನಿ ಬಗ್ಗಿ ಚೀಲದ ಮೇಲೆ ಕೈಯಿಟ್ಟಳು. ಅವಳ ಮುಖ ಬದಲಾಯಿತು. "ಅಣ್ಣ, ಅಮ್ಮನ್ನ ಎತ್ತಿಕೊಂಡು ಹೊರಗೆ ನಡಿ. ಈಗಲೇ. ಅತ್ತಿಗೆ, ಅಂಗಳಕ್ಕೆ ದೊಡ್ಡ ಬಕೆಟ್‌ನಲ್ಲಿ ನೀರು ತನ್ನಿ."

ಬಡಗಿ ತಾಯಿಯನ್ನು ಅಂಗಳದ ಅಂಚಿನಲ್ಲಿ ಕೂರಿಸಿದ. ಚೀಲವನ್ನು ನಾದಿನಿಯೇ ಹೊರಗೆ ತಂದು ಅಂಗಳದ ನಡುವೆ ಇಟ್ಟಳು. "ಹತ್ತಿರ ಬಂದು ಹೊರಗಿನಿಂದ ಮುಟ್ಟಿ ನೋಡಿ, ಅತ್ತಿಗೆ."

ಚೊಕ್ಕಮ್ಮ ಮುಟ್ಟಿದಳು. ಜ್ವರ ಬಂದವರ ಮೈಯಂತೆ ಚೀಲ ಬಿಸಿಯಾಗಿತ್ತು. "ಇದೇನಮ್ಮ ಇದು? ಬಿಸಿಲೂ ಬಿದ್ದಿಲ್ಲ, ಯಾರೂ ಬೆಂಕಿ ತಾಗಿಸಿಲ್ಲ."

"ಯಾರೂ ತಾಗಿಸಬೇಕಾಗಿಲ್ಲ. ಈ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗಲ್ಲ. ಗಾಳಿ ಹೀರಿಕೊಂಡು ಗಟ್ಟಿಯಾಗುತ್ತೆ. ಆಗ ಶಾಖ ಹುಟ್ಟುತ್ತೆ. ಹರಡಿದ್ರೆ ಆ ಶಾಖ ಹಾರಿಹೋಗುತ್ತೆ. ಮುದ್ದೆ ಮಾಡಿ ತುರುಕಿದ್ರೆ ಒಳಗೇ ಕೂತು ಏರ್ತಾ ಹೋಗುತ್ತೆ, ಕೊನೆಗೆ ತಾನೇ ಹೊತ್ತಿಕೊಳ್ಳುತ್ತೆ."

ಬಡಗಿಗೆ ನಂಬಿಕೆ ಬರಲಿಲ್ಲ. "ಸುಮ್ನಿರು. ಬುದ್ಧಿ ಬಂದಾಗಿಂದ ಮರಕ್ಕೆ ಎಣ್ಣೆ ಹಚ್ತಿದೀನಿ. ಒಂದು ಸಲಾನೂ ಹೀಗಾಗಿಲ್ಲ."

"ಇಷ್ಟು ದಿನ ಒರೆಸಿದ ಬಟ್ಟೆ ಎಲ್ಲಿ ಬಿಸಾಕ್ತಿದ್ದೆ?"

"ಬಿಸಾಕೋದೇನು ಬಂತು. ಒಂದು ಕಿಟಕಿ ಮೇಲೆ, ಒಂದು ಬೇಲಿ ಮೇಲೆ. ಕೈಗೆ ಸಿಕ್ಕ ಕಡೆ."

"ಅದೇ ನೋಡು. ಇಷ್ಟು ವರ್ಷ ನಿನ್ನ ಸೋಮಾರಿತನ ಈ ಮನೆ ಕಾಪಾಡಿದೆ."

ಅವಳು ಚೀಲದ ಕಟ್ಟು ಬಿಚ್ಚಿ ಬಟ್ಟೆಗಳನ್ನು ಬಕೆಟ್‌ಗೆ ಸುರಿದಳು. ಮೊದಲು ಹೊಗೆ ಬಂತು, ಆಮೇಲೆ ಚುಯ್ ಎಂಬ ಸದ್ದು. ರಾಶಿಯ ನಟ್ಟನಡುವೆ ಇದ್ದ ಬಟ್ಟೆ ಸುಟ್ಟು ಕರ್ರಗಾಗಿತ್ತು. ಅದು ಮುದುಕಿಯದೇ ಹಳೇ ಸೀರೆಯ ತುಂಡು.

ಚೊಕ್ಕಮ್ಮ ಅತ್ತೆಯ ಕಡೆ ತಿರುಗಿದಳು. ಗೋಡೆಯ ಆಚೆ ಮಲಗಿದ್ದವಳು ಎದ್ದು ಓಡಲಾರದ ಜೀವ. ಎರಡು ಸಲ ಕೂಗಿ ಹೇಳಿದ್ದಳು. "ನನ್ನ ಚೊಕ್ಕತನಕ್ಕಿಷ್ಟು ಬೆಂಕಿಹಾಕ," ಎಂದವಳು ಆಡಿದ ಮಾತಿಗೆ ತಾನೇ ಬೆಚ್ಚಿ, ಅತ್ತೆಯ ಪಕ್ಕ ಕುಸಿದು ಕೂತು ಅತ್ತುಬಿಟ್ಟಳು.

"ಅಳಬೇಡ ಮಗಾ," ಎಂದಳು ಮುದುಕಿ. "ಇನ್ಮೇಲೆ ನಾನು ವಾಸನೆ ಅಂದ್ರೆ ಎದ್ದು ನೋಡು, ಸಾಕು."

"ಹಾಗಾದ್ರೆ ಬಟ್ಟೆ ಏನು ಮಾಡಬೇಕು?" ಬಡಗಿ ತಂಗಿಯನ್ನು ಕೇಳಿದ. ಈ ಸಲ ದನಿಯಲ್ಲಿ ಗತ್ತಿರಲಿಲ್ಲ.

"ಒಂದೊಂದನ್ನೇ ಬಿಡಿಸಿ ಹೊರಗೆ ಹರವು. ಮಡಿಸಬೇಡ, ಒಂದರ ಮೇಲೊಂದು ಹಾಕಬೇಡ, ಸುತ್ತ ಮರದ ಹೊಟ್ಟೂ ಇರಬಾರದು. ಒಣಗಿ ಹಪ್ಪಳದ ಹಾಗೆ ಬಿರುಸಾದ ಮೇಲೇ ಕಸಕ್ಕೆ. ಹರವೋಕೆ ಜಾಗ ಇಲ್ಲದಿದ್ರೆ ಲೋಹದ ಡಬ್ಬೀಲಿ ನೀರು ತುಂಬಿಸಿ ಮುಳುಗಿಸಿ, ಮುಚ್ಚಳ ಹಾಕಿ ಹೊರಗಿಡು. ಅಕಸ್ಮಾತ್ ಹೊತ್ತಿಕೊಂಡ್ರೆ ಚೀಲ ಎಳೆದಾಡ್ತಾ ನಿಲ್ಲಬೇಡಿ. ಮೊದಲು ಜನ ಹೊರಗೆ, ಆಮೇಲೆ ನಮಗೆ ಫೋನು."

ಮರದ ಎಣ್ಣೆ ಚೆನ್ನಾಗಿ ಒಣಗಿದ ಮೇಲೆ ಮಂಚ ಮುದುಕಿಯ ಕೋಣೆಗೆ ಹೋಯಿತು. ಮರುದಿನ ಬೆಳಿಗ್ಗೆ ಅವಳು ಹಿಡಿಯನ್ನು ಹಿಡಿದು, ಯಾರನ್ನೂ ಕೂಗದೆ, ಎದ್ದು ಬಾಗಿಲವರೆಗೆ ಬಂದಳು. ಚೊಕ್ಕಮ್ಮ ಅಂಗಳದಲ್ಲಿದ್ದಳು. ಗಂಡ ಹೊಸದೊಂದು ಮೇಜಿಗೆ ಎಣ್ಣೆ ಹಚ್ಚಿದ್ದ. ಇವಳು ಒರೆಸಿದ ಬಟ್ಟೆಗಳನ್ನು ಬೇಲಿಯ ಮೇಲೆ ಒಂದೊಂದಾಗಿ ಹರವುತ್ತಿದ್ದಳು.

ಪಕ್ಕದ ಮನೆಯಾಕೆ ಇಣುಕಿದಳು. "ಏನು ಚೊಕ್ಕಮ್ಮ, ನಿಮ್ಮ ಮನೆ ಮುಂದೆ ಇಷ್ಟು ಕೊಳಕು ಬಟ್ಟೆ?"

"ಇರಲಿ ಬಿಡಿ," ಎಂದಳು ಚೊಕ್ಕಮ್ಮ. "ನಮ್ಮತ್ತೆ ಎದ್ದು ಓಡಾಡ್ತಿದ್ದಾರೆ, ನೋಡಿ."

ಈಗ ನಿಮ್ಮ ಸರದಿ. ಬಾಗಿಲಿಗೋ ಕುರ್ಚಿಗೋ ಇತ್ತೀಚೆಗೆ ಎಣ್ಣೆ ಹಚ್ಚಿದ್ದೀರಾ? ಒರೆಸಿದ ಬಟ್ಟೆ ಎಲ್ಲಿದೆ? ಮೂಲೆಯಲ್ಲಿ, ಚೀಲದಲ್ಲಿ, ಮಂಚದ ಕೆಳಗೆ? ಈ ಹಾಳೆಯನ್ನು ಕೆಳಗಿಡಿ. ಮೊದಲು ಹೋಗಿ ನೋಡಿ ಬನ್ನಿ.